ಯೆಲೆಕ್: ಮರಿಯೋ, ಬೇರೆ ಜಾತಿಯೋ?

ಪ್ರಶ್ನೆ: ನಮ್ಮ ಬೈಬಲ್ ಅಧ್ಯಯನದ ಗುಂಪಿನಲ್ಲಿ ಯೋವೇಲನ ಪುಸ್ತಕ ಓದುತ್ತಿದ್ದೇವೆ. 1:4ರಲ್ಲಿ ಒಂದು ಮಿಡತೆ ತಿಂದು ಬಿಟ್ಟದ್ದನ್ನು ಇನ್ನೊಂದು ತಿಂದಿತು ಅಂತ ನಾಲ್ಕು ಮಿಡತೆಗಳು ಸಾಲಾಗಿ ಬರುತ್ತವೆ. ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ನೋಡಿದರೆ ಅಲ್ಲಿ ಕಂಬಳಿಹುಳು ಇದೆ. ಒಬ್ಬರು, "ಮೂರನೆಯದರ ಹೀಬ್ರೂ ಹೆಸರು ಯೆಲೆಕ್. ಅದು ಮಿಡತೆಯ ಮರಿ. ನಾಲ್ಕೂ ಒಂದೇ ಹುಳದ ನಾಲ್ಕು ಹಂತ" ಅಂದರು. ಇನ್ನೊಬ್ಬರು ಇವು ನಾಲ್ಕು ಸಾಮ್ರಾಜ್ಯಗಳು ಅಂದರು. ಯಾವುದು ಸರಿ? ಮತ್ತೆ 2:25ರಲ್ಲಿ ಮಿಡತೆ ತಿಂದ "ವರ್ಷಗಳು" ಅಂತ ಇದೆಯಲ್ಲ, ಬೆಳೆ ಅಂತ ಯಾಕಿಲ್ಲ?

ಉತ್ತರ: ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಯೆಲೆಕ್ ಕಂಬಳಿಹುಳು ಅಲ್ಲ. ಬೇರೆ ಜಾತಿಯ ಮಿಡತೆಯೂ ಅಲ್ಲ. ಇನ್ನೂ ರೆಕ್ಕೆ ಬಿಚ್ಚದ, ನೆಲದ ಮೇಲೆ ಕುಪ್ಪಳಿಸಿಕೊಂಡು ದಂಡಾಗಿ ಸಾಗುವ ಮರಿ ಮಿಡತೆ ಅದು. ಈ ಮಟ್ಟಿಗೆ ನಿಮ್ಮ ಮೊದಲನೆಯ ಸ್ನೇಹಿತರ ಮಾತು ಸರಿ. ಆದರೆ ಯೋವೇಲ ಆ ವಚನದಲ್ಲಿ ಮಿಡತೆಯ ಬೆಳವಣಿಗೆಯ ಪಾಠ ಹೇಳುತ್ತಿದ್ದಾನೆ ಅನ್ನುವುದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

ಆ ವಚನವನ್ನು ಹೀಬ್ರೂವಿನಲ್ಲಿ ಒಮ್ಮೆ ಬಾಯಿಬಿಟ್ಟು ಓದಿ ನೋಡಿ:

ಯೆತೆರ್ ಹಗ್ಗಾಜಾಮ್ ಆಖಲ್ ಹಾಅರ್ಬೆ,
ವೆಯೆತೆರ್ ಹಾಅರ್ಬೆ ಆಖಲ್ ಹಯ್ಯಾಲೆಕ್,
ವೆಯೆತೆರ್ ಹಯ್ಯೆಲೆಕ್ ಆಖಲ್ ಹೆಹಾಸೀಲ್.

ಮೂರು ಸಾಲು, ಸಾಲಿಗೆ ನಾಲ್ಕು ಪದ. "ಯೆತೆರ್" ಅಂದರೆ ಉಳಿದದ್ದು. "ಆಖಲ್" ಅಂದರೆ ತಿಂದಿತು. ಉಳಿದವು ನಾಲ್ಕು ಮಿಡತೆಗಳ ಹೆಸರು: ಗಾಜಾಮ್, ಅರ್ಬೆ, ಯೆಲೆಕ್, ಹಾಸೀಲ್. ಉಳಿದದ್ದು, ತಿಂದಿತು, ಉಳಿದದ್ದು, ತಿಂದಿತು, ಉಳಿದದ್ದು, ತಿಂದಿತು. ಕೊನೆಯಲ್ಲಿ "ಉಳಿದದ್ದು" ಅನ್ನುವ ಪದವೇ ಬರುವುದಿಲ್ಲ, ಯಾಕೆಂದರೆ ಏನೂ ಉಳಿದಿಲ್ಲ. ಎರಡನೆಯ ಸಾಲಿನ ಕೊನೆಗೆ ಯೆಲೆಕ್ "ಯಾಲೆಕ್" ಆಗಿದೆ. ಹೀಬ್ರೂವಿನಲ್ಲಿ ಉಸಿರು ನಿಲ್ಲಿಸುವ ಕಡೆ ಸ್ವರ ಹೀಗೆ ಹಿಗ್ಗುತ್ತದೆ. ಪದ ಅದೇ.

ಹಾಗಾದರೆ ಕಂಬಳಿಹುಳು ಎಲ್ಲಿಂದ ಬಂತು? ಕ್ರಿಸ್ತನಿಗಿಂತ ಮೊದಲೇ ಯೆಹೂದ್ಯರು ಈ ಗ್ರಂಥಗಳನ್ನು ಗ್ರೀಕ್ ಭಾಷೆಗೆ ತಂದರು. ಆ ಅನುವಾದಕರಿಗೆ ನಾಲ್ಕು ಬೇರೆ ಬೇರೆ ಹೆಸರು ಬೇಕಿತ್ತು. ಗಾಜಾಮಿಗೆ "ಕಾಂಪೆ" ಅಂತ ಹಾಕಿದರು, ಅದು ಕಂಬಳಿಹುಳು. ಅರ್ಬೆಗೆ "ಅಕ್ರಿಸ್", ಅದು ಮಿಡತೆ. ಯೆಲೆಕ್‌ಗೆ "ಬ್ರೂಕೋಸ್", ಅದು ಇನ್ನೊಂದು ಬಗೆಯ ಮಿಡತೆ. ಹಾಸೀಲ್‌ಗೆ "ಎರಿಸಿಬೆ" ಅಂದರು. ಅದು ಹುಳವೇ ಅಲ್ಲ, ಪೈರಿಗೆ ಬರುವ ತುಕ್ಕು ರೋಗ! ಮುಂದೆ ಲ್ಯಾಟಿನ್ ಬೈಬಲ್ ಕೂಡ ಇದೇ ದಾರಿ ಹಿಡಿಯಿತು. 1611ರ ಕಿಂಗ್ ಜೇಮ್ಸ್ ಅನುವಾದದ ಹೊತ್ತಿಗೆ ಗೊಂದಲ ಜಾಸ್ತಿಯಾಗಿತ್ತು. ಅಲ್ಲಿ ಯೋವೇಲನ ಯೆಲೆಕ್‌ಗೆ ಒಂದು ಹುಳದ ಹೆಸರಿದೆ. ಕೀರ್ತನೆ 105 ಮತ್ತು ಯೆರೆಮೀಯ 51ರ ಯೆಲೆಕ್‌ಗೆ ಕಂಬಳಿಹುಳುವಿನ ಹೆಸರಿದೆ. ಯೋವೇಲನ ಹಾಸೀಲ್‌ಗೂ ಅದೇ ಕಂಬಳಿಹುಳು. ಆ ಕಾಲದ ಇಂಗ್ಲೆಂಡಿನಲ್ಲಿ ಕೂತವರು ಮರುಭೂಮಿಯ ಮಿಡತೆಯ ಮರಿಗಳು ಗೋಡೆ ಹತ್ತುವುದನ್ನು ಕಂಡವರಲ್ಲ. ಅವರ ತಪ್ಪು ಅಂತ ನಾನು ಹೇಳಲಾರೆ.

ಇನ್ನು ಪದಕ್ಕೆ ಬರೋಣ. ಹೀಬ್ರೂ ಬೈಬಲಿನಲ್ಲಿ ಯೆಲೆಕ್ ಒಂಬತ್ತು ಸಲ ಬರುತ್ತದೆ. ಯೋವೇಲನಲ್ಲಿ ಮೂರು, ನಹೂಮನಲ್ಲಿ ಮೂರು, ಯೆರೆಮೀಯನಲ್ಲಿ ಎರಡು, ಕೀರ್ತನೆಯಲ್ಲಿ ಒಂದು. ಇದು "ನೆಕ್ಕು" ಅನ್ನುವ ಧಾತುವಿನಿಂದ ಬಂದದ್ದು, ನೆಲವನ್ನು ನೆಕ್ಕಿ ಸಾಫ್ ಮಾಡುವ ಹುಳ ಅಂತ ಅರ್ಥ ಅಂದವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಅದು ಊಹೆ. ಧಾತು ಹಿಡಿದು ಅರ್ಥ ಹೇಳುವುದಕ್ಕಿಂತ ಪದ ಯಾರ ಜೊತೆ, ಯಾವ ಕ್ರಿಯಾಪದದ ಜೊತೆ ಬರುತ್ತದೆ ಅಂತ ನೋಡುವುದು ಒಳ್ಳೆಯ ದಾರಿ.

ಆ ದಾರಿಯಲ್ಲಿ ಹೋದರೆ ಕೀಲಿ ಸಿಗುವುದು ನಹೂಮ 3:16ರಲ್ಲಿ. ಪ್ರವಾದಿ ಅಲ್ಲಿ ನಿನೆವೆ ಪಟ್ಟಣದ ಜೊತೆ ಮಾತಾಡುತ್ತಿದ್ದಾನೆ. ಆಕಾಶದ ನಕ್ಷತ್ರಗಳಿಗಿಂತ ಹೆಚ್ಚು ವರ್ತಕರನ್ನು ಸೇರಿಸಿಕೊಂಡೆಯಲ್ಲ ಅನ್ನುತ್ತಾನೆ. ಮರುಕ್ಷಣ ಮೂರೇ ಪದ: "ಯೆಲೆಕ್ ಪಾಷಟ್ ವಯ್ಯಾಓಫ್." ಕೊನೆಯ ಪದ ಸುಲಭ, "ಹಾರಿಹೋಯಿತು". ನಡುವಿನ "ಪಾಷಟ್" ಏನು? ಬಟ್ಟೆ ಕಳಚುವುದಕ್ಕೆ ಹೀಬ್ರೂವಿನಲ್ಲಿ ಇರುವ ಮಾತೇ ಇದು. 1 ಸಮುವೇಲ 19:24ರಲ್ಲಿ ಸೌಲ ತನ್ನ ಬಟ್ಟೆ ಕಳಚಿ ಹಾಕಿದ್ದು ಇದೇ ಕ್ರಿಯೆ. ಆದಿಕಾಂಡ 37:23ರಲ್ಲಿ ಅಣ್ಣಂದಿರು ಯೋಸೇಫನ ನಿಲುವಂಗಿ ಬಿಚ್ಚಿಸಿದ್ದೂ ಇದೇ ಧಾತು.

ಕನ್ನಡದಲ್ಲಿ ನಮಗೆ ಇದಕ್ಕೆ ಸರಿಯಾದ ಮಾತು ಮೊದಲಿನಿಂದಲೇ ಇದೆ. "ಯೆಲೆಕ್ ಪೊರೆ ಕಳಚಿತು, ಹಾರಿಹೋಯಿತು."

ಮಿಡತೆ ಕೊನೆಯ ಸಲ ಪೊರೆ ಬಿಡುವುದನ್ನು ನೀವು ನೋಡಿದ್ದೀರಾ? ನಾನು ನಮ್ಮ ಕಡೆಯ ಎಕ್ಕದ ಗಿಡದ ಮಿಡತೆಯಲ್ಲಿ ಒಮ್ಮೆ ನೋಡಿದ್ದೇನೆ. ಮರಿ ಒಂದು ಕಡ್ಡಿಗೆ ಕಾಲು ಗಟ್ಟಿಯಾಗಿ ಊರಿ ತಲೆಕೆಳಗಾಗಿ ಜೋತುಬೀಳುತ್ತದೆ. ಸ್ವಲ್ಪ ಹೊತ್ತು ಸತ್ತಂತೆ ಅಲುಗಾಡದೆ ಇರುತ್ತದೆ. ಆಮೇಲೆ ಕತ್ತಿನ ಹಿಂದೆ, ಬೆನ್ನಿನ ನಡುವೆ ಒಂದು ಗೆರೆ ಸೀಳುತ್ತದೆ. ಆ ಸೀಳಿನಿಂದ ಮೊದಲು ಬೆನ್ನು, ಆಮೇಲೆ ತಲೆ, ಆಮೇಲೆ ಒಂದೊಂದೇ ಕಾಲು ಹೊರಗೆ ಬರುತ್ತವೆ. ಹೊರಬಂದ ಹುಳ ಮೆತ್ತಗೆ, ಬಣ್ಣಗೆಟ್ಟು ಇರುತ್ತದೆ. ರೆಕ್ಕೆಗಳು ಮುದುಡಿದ ಒದ್ದೆ ಬಟ್ಟೆಯ ಹಾಗೆ ಇರುತ್ತವೆ. ನೋಡುತ್ತಿದ್ದ ಹಾಗೆ ಅವು ಹಿಗ್ಗಿ, ಚಾಚಿ, ಒಣಗುತ್ತವೆ. ಕಡ್ಡಿಯ ಮೇಲೆ ಹಳೆಯ ಪೊರೆ ಮಾತ್ರ, ಕಾಲು ಮೀಸೆ ಸಮೇತ, ಖಾಲಿ ಅಂಗಿಯಂತೆ ನೇತಾಡುತ್ತಿರುತ್ತದೆ. ಮರುಭೂಮಿಯ ಮಿಡತೆಯದೂ ಇದೇ ಕತೆ. ಮೊಟ್ಟೆಯಿಂದ ಬಂದ ಮರಿ ಸಾಮಾನ್ಯವಾಗಿ ಐದು ಸಲ ಪೊರೆ ಬಿಡುತ್ತದೆ. ಐದನೆಯ ಸಲ ಬಿಟ್ಟಾಗ ಹಾರಬಲ್ಲ ರೆಕ್ಕೆ ಬರುತ್ತದೆ. ನಿನ್ನೆವರೆಗೆ ನೆಲದಲ್ಲಿ ಕುಪ್ಪಳಿಸುತ್ತಿದ್ದ ಲಕ್ಷಾಂತರ ಹುಳ ಕೆಲವೇ ದಿನಗಳಲ್ಲಿ ಎದ್ದು ಹೊರಟುಬಿಡುತ್ತವೆ.

ನಹೂಮ ಹೇಳುತ್ತಿರುವುದು ಇದನ್ನೇ. ನಿನೆವೆಯ ವರ್ತಕರು ಅಲ್ಲೇ ತಿಂದು ಬೆಳೆದರು, ಅಂಗಿ ಕಳಚಿಟ್ಟು ಹಾರಿಹೋದರು. ಮುಂದಿನ ವಚನದಲ್ಲಿ ಇನ್ನೊಂದು ಚಿತ್ರ ಇದೆ. ಚಳಿಯ ದಿನ ಮಿಡತೆಗಳು ಬೇಲಿಯ ಮೇಲೆ ಕೂತಿರುತ್ತವೆ, ಬಿಸಿಲು ಬಂದ ಕೂಡಲೇ ಹಾರುತ್ತವೆ, ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ಮೈ ಬಿಸಿಯಾಗದೆ ಮಿಡತೆ ಹಾರಲಾರದು. ಹುಳ ಹಿಡಿಯಲು ಹೋಗುವ ರೈತರು ಬೆಳಗಿನ ಜಾವವೇ ಹೊರಡುವುದು ಅದಕ್ಕೇ. ಹೀಗೆ ಬರೆದವನು ಮಿಡತೆಯನ್ನು ಕಣ್ಣಾರೆ ಕಂಡವನು. ಅವನು ಒಂದು ಪದವನ್ನು ಸುಮ್ನೆ ಹಾಕಿದ್ದಾನೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆಕ್ಷೇಪ ಇಲ್ಲ ಅಂತಲ್ಲ. ಪಾಷಟ್‌ಗೆ "ದಾಳಿ ಮಾಡು, ಕೊಳ್ಳೆಹೊಡೆ" ಅನ್ನುವ ಅರ್ಥವೂ ಇದೆ. 1 ಸಮುವೇಲ 23:27ರಲ್ಲಿ ಫಿಲಿಷ್ಟಿಯರು ದೇಶದ ಮೇಲೆ ಬಿದ್ದದ್ದಕ್ಕೆ ಇದೇ ಪದ. ಕಿಂಗ್ ಜೇಮ್ಸ್ ಅನುವಾದ ಹಿಡಿದದ್ದೂ ಆ ಅರ್ಥವನ್ನೇ: "ಕೊಳ್ಳೆಹೊಡೆದು ಹಾರಿಹೋಗುತ್ತದೆ". ಆದರೆ ಆ ಅರ್ಥ ಬರುವ ಕಡೆ ಯಾರ ಮೇಲೆ, ಎಲ್ಲಿಗೆ ಅನ್ನುವುದು ಸಾಮಾನ್ಯವಾಗಿ ಜೊತೆಗೇ ಇರುತ್ತದೆ. ಇಲ್ಲಿ ಇಲ್ಲ. "ಕಳಚಿತು, ಹಾರಿತು" ಅಷ್ಟೇ. ಎರಡರ ನಡುವೆ ಬೇರೇನೂ ನಡೆಯುವುದಿಲ್ಲ. ನನ್ನ ಮನಸ್ಸಿಗೆ ಪೊರೆಯ ಅರ್ಥವೇ ಹಿಡಿಸುತ್ತದೆ. ಕೇಳುವವರ ಕಿವಿಯಲ್ಲಿ ಕೊಳ್ಳೆಯ ಅರ್ಥವೂ ಸಣ್ಣಗೆ ಮೊಳಗಿರಬಹುದು. ವರ್ತಕರ ಮಾತಲ್ವಾ?

ಯೆರೆಮೀಯ 51:27 ಇದಕ್ಕೆ ಜೊತೆಗೂಡುತ್ತದೆ. ಅಲ್ಲಿ ಕುದುರೆಗಳನ್ನು "ಯೆಲೆಕ್ ಸಾಮಾರ್" ಹಾಗೆ ತನ್ನಿ ಅಂತಿದೆ. ಸಾಮಾರ್ ಅಂದರೆ ನೆಟ್ಟಗೆ ನಿಂತ, ನಿಮಿರಿದ. ಯೋಬ 4:15ರಲ್ಲಿ ಭಯಕ್ಕೆ ಮೈಯ ಕೂದಲು ನಿಮಿರಿತು ಅನ್ನುವಾಗ ಬರುವುದು ಇದೇ ಧಾತು. ಬೆಳೆದ ಮರಿ ಮಿಡತೆಯ ಬೆನ್ನ ಮೇಲೆ ರೆಕ್ಕೆಯ ಮೊಗ್ಗುಗಳು ಚೂಪಾಗಿ ಎದ್ದು ಕಾಣುತ್ತವೆ. ಕಂಬಳಿಹುಳು ಅಂದವರು ಇದನ್ನು ಕಂಬಳಿಹುಳದ ರೋಮ ಅಂದುಕೊಂಡರು. ಆದರೆ ಕಂಬಳಿಹುಳು ಗೂಡು ಕಟ್ಟಿ ಮಲಗಿ ಚಿಟ್ಟೆಯೋ ಪತಂಗವೋ ಆಗುತ್ತದೆ. ಅದನ್ನು ಯುದ್ಧದ ಕುದುರೆಗೆ ಯಾರು ಹೋಲಿಸುತ್ತಾರೆ? ಮಿಡತೆಯ ಮುಖ ನೋಡಿ, ಕುದುರೆಯ ಮುಖವೇ. ಯೋವೇಲ 2:4 ಕೂಡ ಅವು ಕುದುರೆಗಳ ಹಾಗೆ ಕಾಣುತ್ತವೆ ಅನ್ನುತ್ತದೆ.

ಇನ್ನೊಂದು ಸಣ್ಣ ಸಾಕ್ಷಿ. ಯಾಜಕಕಾಂಡ 11:22ರಲ್ಲಿ ತಿನ್ನಬಹುದಾದ ಮಿಡತೆಗಳ ಪಟ್ಟಿ ಇದೆ: ಅರ್ಬೆ, ಸೊಲ್‌ಆಮ್, ಹರ್ಗೋಲ್, ಹಾಗಾವ್. ಪ್ರತಿಯೊಂದರ ಜೊತೆಗೂ "ಅದರ ಜಾತಿಯ ಪ್ರಕಾರ" ಅಂತಿದೆ. ಯೆಲೆಕ್, ಗಾಜಾಮ್, ಹಾಸೀಲ್ ಮೂರೂ ಅಲ್ಲಿಲ್ಲ. ಅವು ಬೇರೆ ಜಾತಿಗಳಾಗಿದ್ದರೆ ತಿನ್ನಬಹುದು ಅಂತಲೋ ಬಾರದು ಅಂತಲೋ ಹೇಳಬೇಕಿತ್ತು. ಇದೊಂದರಿಂದಲೇ ಏನೂ ಸಾಬೀತಾಗುವುದಿಲ್ಲ. ಆದರೆ ಉಳಿದದ್ದರ ಜೊತೆ ಇಟ್ಟು ನೋಡಿದರೆ ತೂಕ ಬರುತ್ತದೆ.

ಉಳಿದ ಮೂರು ಹೆಸರುಗಳಲ್ಲಿ ಎಲ್ಲದಕ್ಕಿಂತ ಜಾಸ್ತಿ ಬರುವುದು ಅರ್ಬೆ. ಐಗುಪ್ತದ, ಅಂದರೆ ಈಜಿಪ್ಟಿನ, ಎಂಟನೆಯ ಬಾಧೆಯಲ್ಲಿ ಬಂದದ್ದು ಇದೇ. ವಿಮೋಚನಕಾಂಡ 10ರಲ್ಲಿ ಮೂಡಣ ಗಾಳಿ ಅದನ್ನು ತಂದಿತು, ಅದು "ಭೂಮಿಯ ಕಣ್ಣನ್ನು" ಮುಚ್ಚಿತು ಅಂತ ಹೀಬ್ರೂ ಹೇಳುತ್ತದೆ. ನೆಲ ಕಾಣಲಿಲ್ಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ. ಅರ್ಬೆಯನ್ನು "ರಾಬಾ", ಅಂದರೆ ಹೆಚ್ಚಾಗು, ಅನ್ನುವ ಧಾತುವಿಗೆ ಜೋಡಿಸುತ್ತಾರೆ. ಪದ ಹೀಬ್ರೂವಿಗಿಂತ ಹಳೆಯದು. ಸಿರಿಯಾದ ಕರಾವಳಿಯ ಉಗಾರಿತ್‌ನ ಮಣ್ಣಿನ ಹಲಗೆಗಳಲ್ಲೂ, ಮೆಸೊಪೊಟೇಮಿಯಾದ ಹಳೆಯ ಭಾಷೆ ಅಕ್ಕಾಡಿಯನ್‌ನಲ್ಲೂ ಇದರ ಅಣ್ಣತಮ್ಮಂದಿರು ಸಿಗುತ್ತಾರೆ. ಹುಟ್ಟು ಏನೇ ಇರಲಿ, ಹೀಬ್ರೂ ಆಡುವವರಿಗೆ ಅದರಲ್ಲಿ "ಬಹಳ" ಅನ್ನುವ ಶಬ್ದ ಕೇಳಿಸುತ್ತಿತ್ತು. ನ್ಯಾಯಸ್ಥಾಪಕರು 6:5ರಲ್ಲಿ ಮಿದ್ಯಾನ್ಯರು ಬಂದದ್ದನ್ನು "ಅರ್ಬೆ ಲಾರೋವ್" ಅನ್ನುತ್ತಾರೆ, ಸಂಖ್ಯೆಯಲ್ಲಿ ಅರ್ಬೆಯಂತೆ. ಯೆರೆಮೀಯ 46:23ರಲ್ಲಿ "ರಬ್ಬೂ ಮೇಅರ್ಬೆ", ಅರ್ಬೆಗಿಂತ ಹೆಚ್ಚಾದರು. ಪದದ ಜೊತೆ ಪದ ಆಡುತ್ತಿದೆ. ಒಂದು ಚದರ ಕಿಲೋಮೀಟರ್ ಹಿಂಡಿನಲ್ಲಿ ನಾಲ್ಕರಿಂದ ಎಂಟು ಕೋಟಿ ಮಿಡತೆ ಇರಬಹುದು, ಒಂದೊಂದೂ ದಿನಕ್ಕೆ ತನ್ನ ತೂಕದಷ್ಟು, ಸುಮಾರು ಎರಡು ಗ್ರಾಂ ತಿನ್ನುತ್ತದೆ ಅಂತ ಇವತ್ತಿನ ಲೆಕ್ಕ. ಹೆಸರು ಸರಿಯಾಗಿಯೇ ಇದೆ.

ಗಾಜಾಮ್ ಕತ್ತರಿಸುವ ಹುಳ. ಮರದ ಕೊಂಬೆ ಸವರುವುದಕ್ಕೆ ಈಗಿನ ಹೀಬ್ರೂವಿನಲ್ಲೂ ಇದೇ ಧಾತು. ಆಮೋಸ 4:9ರಲ್ಲಿ ಗಾಜಾಮ್ ತಿನ್ನುವುದು ದ್ರಾಕ್ಷಿ, ಅಂಜೂರ, ಎಣ್ಣೆಮರ (ಆಲಿವ್) ಇವನ್ನು. ಹಾಸೀಲ್ ಮುಗಿಸಿಬಿಡುವ ಹುಳ. ಯೆಹೂದ್ಯರು ಐಗುಪ್ತದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿಯ ಊಟ, ಪ್ರಾರ್ಥನೆ ಎಲ್ಲ ಮುಗಿದ ಮೇಲೆ "ಹಾಸಲ್ ಸಿದ್ದೂರ್ ಪೆಸಾಖ್" ಅಂತ ಹಾಡುತ್ತಾರೆ, ಪಸ್ಕದ ಕ್ರಮ ಮುಗಿಯಿತು ಅಂತ. ಆ "ಮುಗಿಯಿತು" ಮತ್ತು ಈ ಹಾಸೀಲ್ ಒಂದೇ ಬೇರಿನವು. ಧರ್ಮೋಪದೇಶಕಾಂಡ 28:38ರಲ್ಲಿ ಅರ್ಬೆಯೇ ಬೆಳೆಯನ್ನು "ಹಾಸಲ್" ಮಾಡುತ್ತದೆ. ಅಂದರೆ ಒಂದೇ ಹುಳದ ಕೆಲಸಕ್ಕೆ ಇನ್ನೊಂದು ಹೆಸರು.

ಇಲ್ಲಿ ನನಗೆ ನಮ್ಮ ಮಾತು ನೆನಪಾಗುತ್ತದೆ. ಕನ್ನಡದ ಮಿಡತೆ, ಹಳೆಯ ನಿಘಂಟಿನ ಮಿಡಿಚೆ, ಚಿಮ್ಮುವ ಅರ್ಥದ "ಮಿಡಿ"ಗೆ ಹತ್ತಿರದ್ದು. ನಾವು ನೆಗೆತ ನೋಡಿ ಹೆಸರಿಟ್ಟೆವು. ಅವರು ಸಂಖ್ಯೆ ನೋಡಿ, ಹಲ್ಲು ನೋಡಿ, ಮುಗಿಸಿದ್ದು ನೋಡಿ ಹೆಸರಿಟ್ಟರು. ಛಾಂದೋಗ್ಯ ಉಪನಿಷತ್ತಿನ 1.10ರಲ್ಲಿ "ಮಟಚೀ"ಯಿಂದ ಹಾಳಾದ ಕುರು ದೇಶದ ಮಾತಿದೆ. ಶಂಕರರು ಅದನ್ನು ಸಿಡಿಲು ಅಂದರು. ಆಧುನಿಕ ವಿದ್ವಾಂಸರಲ್ಲಿ ಕೆಲವರು ಅದನ್ನು ಕನ್ನಡದ ಮಿಡಿಚೆಯ ಜೊತೆ ಇಟ್ಟು ಮಿಡತೆ ಅಂತ ಓದಿದರು. ಆ ದೇಶದಲ್ಲಿ ಹಸಿದ ಉಷಸ್ತಿ ಇನ್ನೊಬ್ಬ ತಿನ್ನುತ್ತಿದ್ದ ಕಾಳನ್ನೇ ಬೇಡುತ್ತಾನೆ. ಮಿಡತೆ ಬಂದುಹೋದ ಊರಿನ ಚಿತ್ರ ಅಂತ ಓದಿದರೆ ಆ ಕತೆ ಎಷ್ಟು ಕೂಡಿಬರುತ್ತದೆ ನೋಡಿ.

ನಮಗೆ ಒಂದೇ ಪದ ಇರುವುದರ ತೊಂದರೆ 2020ರಲ್ಲಿ ಕಂಡಿತು. ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರದ ವಿದರ್ಭಕ್ಕೆ ಮರುಭೂಮಿ ಮಿಡತೆ ಬಂದ ಸುದ್ದಿ ಟೀವಿಯಲ್ಲಿ ಬರುತ್ತಿತ್ತು. ಅದೇ ಹೊತ್ತಿಗೆ ಕೋಲಾರ ಜಿಲ್ಲೆಯಲ್ಲಿ ಎಕ್ಕದ ಗಿಡ ಮುತ್ತಿದ ಮಿಡತೆ ಕಂಡು ಜನ ಗಾಬರಿಯಾದರು. ಅದು ಎಕ್ಕವನ್ನೇ ನಂಬಿದ ನಮ್ಮ ಊರಿನ ಬಣ್ಣದ ಮಿಡತೆ, ದಂಡಿನ ಮಿಡತೆ ಅಲ್ಲ ಅಂತ ಕೃಷಿ ಇಲಾಖೆ ತಿಳಿಸಿ ಹೇಳಬೇಕಾಯಿತು. ದಂಡಿನ ಮಿಡತೆಯ ಜೊತೆ ತಲೆಮಾರುಗಟ್ಟಲೆ ಬದುಕಿದವರ ಭಾಷೆಯಲ್ಲಿ ಒಂದೇ ಹೆಸರು ಸಾಲುವುದಿಲ್ಲ. ಹೀಬ್ರೂವಿನಲ್ಲಿ ಇಷ್ಟು ಹೆಸರುಗಳು ಇರುವುದಕ್ಕೆ ಕಾರಣ ಅದೇ.

ಈಗ ನಾಲ್ಕು ಹಂತದ ಮಾತು. 1915ರ ಮಾರ್ಚಿನಲ್ಲಿ ಯೆರೂಸಲೇಮಿಗೆ ದೊಡ್ಡ ದಂಡು ಬಂತು. ಆಗ ಅದು ಒಟ್ಟೋಮನ್ ಆಳ್ವಿಕೆಯ ಊರು. ಅಲ್ಲಿ ನೆಲೆಸಿದ್ದ ಅಮೆರಿಕನ್ ಕಾಲೊನಿ ಎಂಬ ಕ್ರೈಸ್ತ ಸಮುದಾಯದವರು ದಿನದಿನದ ಫೋಟೋ ತೆಗೆದಿಟ್ಟರು, ಜಾನ್ ವೈಟಿಂಗ್ ಎಂಬವರು ಅದೇ ವರ್ಷದ ಡಿಸೆಂಬರಿನ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬರೆದರು. ಮೊದಲು ಬಂದದ್ದು ರೆಕ್ಕೆಯ ಮಿಡತೆ. ಅವು ನೆಲದಲ್ಲಿ ಮೊಟ್ಟೆ ಇಟ್ಟವು. ಆಮೇಲೆ ಮರಿಗಳು ಎದ್ದವು. ನಡೆದುಕೊಂಡು ಬಂದವು, ಗೋಡೆ ಹತ್ತಿದವು, ಮನೆಗಳೊಳಗೆ ನುಗ್ಗಿದವು. ಯೋವೇಲ 2:7-9ರಲ್ಲಿ ಗೋಡೆ ಏರಿ, ಸಾಲು ತಪ್ಪದೆ, ಕಳ್ಳರ ಹಾಗೆ ಕಿಟಕಿಯಿಂದ ಬರುವ ದಂಡು ಇದೇ. ಹಾರುವ ಹುಳ ಗೋಡೆ ಏರಬೇಕಾಗಿಲ್ಲ ಅಲ್ವಾ? ಅದು ಯೆಲೆಕ್‌ಗಳ ದಂಡು.

2:25ರಲ್ಲಿ ಹೆಸರುಗಳ ಸಾಲು ಬೇರೆ: ಅರ್ಬೆ, ಯೆಲೆಕ್, ಹಾಸೀಲ್, ಗಾಜಾಮ್. ಇದು ಹುಳದ ಜೀವನಕ್ಕೆ ಚೆನ್ನಾಗಿ ಹೊಂದುತ್ತದೆ. ದೊಡ್ಡದು ಬರುತ್ತದೆ, ಮರಿ ಏಳುತ್ತದೆ, ಬೆಳೆದು ಎಲ್ಲ ಮುಗಿಸುತ್ತದೆ, ಹೊಸ ರೆಕ್ಕೆ ಬಂದದ್ದು ಮರ ಕತ್ತರಿಸುತ್ತದೆ. ಆದರೆ 1:4 ಗಾಜಾಮಿನಿಂದ ಶುರುವಾಗುತ್ತದೆ. ಹಂತವೇ ಮುಖ್ಯವಾಗಿದ್ದರೆ ಒಂದೇ ಪುಸ್ತಕದಲ್ಲಿ ಕ್ರಮ ಯಾಕೆ ಬದಲಾಯಿತು? ಕೀರ್ತನೆ 105:34 ಐಗುಪ್ತದ ಅದೇ ಬಾಧೆಗೆ ಅರ್ಬೆ, ಯೆಲೆಕ್ ಎರಡನ್ನೂ ಜೋಡಿಸುತ್ತದೆ. ಕೀರ್ತನೆ 78:46 ಹಾಸೀಲ್, ಅರ್ಬೆ ಜೋಡಿಸುತ್ತದೆ. ಕವಿಗೆ ಅವು ಜೋಡಿ ಪದ, "ಹುಳು ಹುಪ್ಪಟೆ" ಅನ್ನುವ ಹಾಗೆ. ಹಾಗಾಗಿ ನನ್ನ ತೀರ್ಮಾನ ಹೀಗೆ: ಹೆಸರುಗಳು ಹೊಲದಲ್ಲಿ ಹುಟ್ಟಿದವು, ಅಲ್ಲಿ ಅವಕ್ಕೆ ಹಂತದ ಅರ್ಥ ಇತ್ತು. ಯೋವೇಲ ಅವನ್ನೆಲ್ಲ ರಾಶಿ ಹಾಕಿದ್ದು ಒಂದರ ಮೇಲೊಂದು ಬಿದ್ದ ಏಟನ್ನು ಕೇಳಿಸಲು.

ನಾಲ್ಕು ಸಾಮ್ರಾಜ್ಯ ಅನ್ನುವುದು ಹಳೆಯ ಕ್ರೈಸ್ತ ಸಭೆಯ ವ್ಯಾಖ್ಯಾನ. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್‌ನ ಕಾಲದಲ್ಲೇ ಇತ್ತು. ಭಕ್ತಿಯಿಂದ ಓದಿದ್ದು, ಗೌರವ ಇಟ್ಟುಕೊಳ್ಳೋಣ. ಆದರೆ ಪದದ ಅರ್ಥ ಕೇಳಿದಾಗ ಅದು ಉತ್ತರ ಅಲ್ಲ. ಯೋವೇಲನ ಮಿಡತೆ ನಿಜವಾದ ಅಂಜೂರದ ತೊಗಟೆ ತಿನ್ನುತ್ತದೆ.

ನಿಮ್ಮ ಕೊನೆಯ ಪ್ರಶ್ನೆಯ ಉತ್ತರವೂ ಆ ತೊಗಟೆಯಲ್ಲೇ ಇದೆ. 1:7 ನೋಡಿ. ದ್ರಾಕ್ಷಿ ಬಳ್ಳಿ ಹಾಳಾಯಿತು, ಅಂಜೂರದ ಮರದ ತೊಗಟೆ ಸುಲಿದುಹೋಯಿತು, ಕೊಂಬೆಗಳು ಬೆಳ್ಳಗಾದವು. 1915ರ ಫೋಟೋಗಳಲ್ಲಿ ಅದೇ ಬಿಳಿ ಕೊಂಬೆಗಳಿವೆ. ಗೋದಿ ಹೋದರೆ ಒಂದು ವರ್ಷ ಹೋಯಿತು. ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ತೊಗಟೆ ಹೋದ ಮರ ಒಣಗಿದರೆ ಹೊಸ ಗಿಡ ನೆಡಬೇಕು. ಯಾಜಕಕಾಂಡ 19:23-25ರ ಪ್ರಕಾರ ನೆಟ್ಟ ಮರದ ಹಣ್ಣನ್ನು ಮೊದಲ ಮೂರು ವರ್ಷ ತಿನ್ನುವಂತಿಲ್ಲ. ನಾಲ್ಕನೆಯ ವರ್ಷದ ಹಣ್ಣು ದೇವರಿಗೆ. ಮನೆಯವರ ಬಾಯಿಗೆ ಬರುವುದು ಐದನೆಯ ವರ್ಷ. ಯೋವೇಲನ ಮಾತು ಕೇಳುತ್ತಿದ್ದ ರೈತ "ಷಾನೀಮ್", ವರ್ಷಗಳು, ಅಂದ ಕೂಡಲೇ ಬೆರಳು ಮಡಚಿ ಎಣಿಸಿರುತ್ತಾನೆ.